ಬಸ್ ಇಳಿದು ಎಷ್ಟು ನಡೀಬೇಕು?

ಹೋದ ಭಾನುವಾರ ಮೂರನೇ ಜಾಗ ನೋಡಿ ಬಂದೆವು. ಕೊಪ್ಪಳದಿಂದ ಗದಗ ರಸ್ತೆ ಹಿಡಿದು ಸ್ವಲ್ಪ ಒಳಗೆ ಹೊರಳಿದರೆ ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಬದುವಿನ ಮೇಲೆ ಎರಡು ಬೇವಿನ ಮರ. ಬಸ್ ನಿಲ್ಲುವಲ್ಲಿಂದ ಹೊಲದವರೆಗೆ ನಾನು ಮೊದಲು ನಡೆದು ನೋಡಿದೆ. ಆರು ನಿಮಿಷ ಆಯಿತು.

ನಾವು ಕಟ್ಟಬೇಕೆಂದಿರುವುದು ಹಾಸ್ಪಿಸ್. ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋವಿಲ್ಲದಂತೆ ನೋಡಿಕೊಳ್ಳುವ ಮನೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಈ ಕೆಲಸ ಉಚಿತವಾಗಿ ನಡೆಯುತ್ತದೆ. ಆದರೆ ನಮ್ಮ ಕಡೆಯವರಿಗೆ ಅದು ಒಂದು ರಾತ್ರಿಯ ಪ್ರಯಾಣ. 28 ವರ್ಷ ನರ್ಸ್ ಆಗಿದ್ದೆ. "ಇನ್ನ ಮನೀಗೆ ಕರಕೊಂಡು ಹೋಗ್ರಿ" ಅಂತ ಕೇಳಿಸಿಕೊಂಡು ವಾರ್ಡಿನ ಬಾಗಿಲಲ್ಲೇ ಕುಸಿದು ಕೂತವರನ್ನು ಎಷ್ಟೋ ಸಲ ಎಬ್ಬಿಸಿದ್ದೇನೆ.

ಮೊದಲನೇ ಜಾಗ ದಾನವಾಗಿ ಸಿಗುತ್ತಿತ್ತು. ಎಲ್ಲರಿಗೂ ಖುಷಿ. ಆದರೆ ಅಲ್ಲಿಗೆ ದಿನಕ್ಕೆ ಎರಡೇ ಬಸ್. ಕೂಲಿ ಮುಗಿಸಿದ ಮಗಳು ಸಂಜೆ ಬುತ್ತಿ ಹಿಡಿದು ಅವ್ವನ ಹತ್ತಿರ ಹೇಗೆ ಬರಬೇಕು? ನಾನೇ ಹಟ ಹಿಡಿದು ಬೇಡ ಅಂದೆ.

ಎರಡನೆಯದು ಹೊಸಪೇಟೆ ಕಡೆ. ರಸ್ತೆ ಚೆನ್ನಾಗಿತ್ತು. ಆದರೆ ಗಿಡದ ಎಲೆ ಒರೆಸಿದರೆ ಬೆರಳಿಗೆ ಕರಿ ಮಸಿ. ಉಸಿರು ಕಟ್ಟುವವರನ್ನು ಇಲ್ಲಿ ಮಲಗಿಸುವುದಾ? ಸಾಲದ್ದಕ್ಕೆ ಎರೆ ಭೂಮಿ. ಬೇಸಿಗೆಯ ಬಿರುಕಿನಲ್ಲಿ ನನ್ನ ಕೈ ಪೂರ್ತಿ ಇಳಿಯಿತು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮಣ್ಣು, ಪಾಯಕ್ಕೇ ಜಾಸ್ತಿ ದುಡ್ಡು ಬೇಕು.

ಗಾಳಿಯ ವಿಷಯ ಹೇಳಲೇಬೇಕು. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರ ಗಾಯ ವಾಸನೆ ಬರುತ್ತದೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ ಮನುಷ್ಯ ನಾಚಿಕೊಂಡು ಮೊಮ್ಮಕ್ಕಳನ್ನೂ ಹತ್ತಿರ ಕರೆಯುವುದಿಲ್ಲ. ಅಂಥವರಿಗೆ ನಾಲ್ಕು ಗೋಡೆಯ ಕೋಣೆ ಬೇಡ. ಈ ಕಡೆಯಿಂದ ಬಂದ ಗಾಳಿ ಆ ಕಡೆ ಹೋಗಬೇಕು, ಮಂಚವನ್ನು ಬೇವಿನ ನೆರಳಿಗೆ ತಳ್ಳಿಕೊಂಡು ಹೋಗುವಂತಿರಬೇಕು. ಮೂರನೇ ಹೊಲದಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಸಲೀಸಾಗಿ ಬರುತ್ತದೆ. ಆದರೆ ಸಂಜೆ ಬಿಸಿಲೂ ಅಲ್ಲಿಂದಲೇ, ಅಲ್ವಾ? ಅದಕ್ಕೆ ಆ ಬದಿಗೆ ಅಗಲವಾದ ಪಡಸಾಲೆ ಬೇಕು ಅಂತ ಬರೆದುಕೊಂಡಿದ್ದೇನೆ.

ಊರಿನ ಹಿರಿಯರೊಬ್ಬರು ಬಂದು, "ಸಾಯೋರ ಮನಿ ನಮ್ಮೂರಾಗ ಯಾಕ?" ಅಂದರು. ಸಿಟ್ಟಾಗಲಿಲ್ಲ. ಬೇವಿನ ಕೆಳಗೆ ಕೂತು ಮಾತಾಡಿದೆವು. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ ಅಂದೆ. ಅವರ ನಿಜವಾದ ಚಿಂತೆ ನೀರು. ನಾವು ಬೋರ್ ಹಾಕಿಸಿದರೆ ಅವರ ಬೋರ್ ಬತ್ತುತ್ತದಾ? ಅದು ನ್ಯಾಯದ ಪ್ರಶ್ನೆ. ಚಾವಣಿಯ ಮಳೆನೀರು ಹಿಡಿಯುತ್ತೇವೆ ಅಂತ ಮಾತು ಕೊಟ್ಟೆ. ಜಿಲ್ಲೆಯ ಬೋರ್ ನೀರಲ್ಲಿ ಫ್ಲೋರೈಡ್ ಕಾಟವೂ ಇದೆ. ಪಕ್ಕದ ಹೊಲದ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಬಂದಿದ್ದೇನೆ, ಪರೀಕ್ಷೆಗೆ ಕೊಡಬೇಕು.

ಪಹಣಿಯಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರಿದೆ. ಮೂವರು ಒಪ್ಪಿದ್ದಾರೆ. ನಾಲ್ಕನೆಯವರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಗವಿಮಠದ ಜಾತ್ರೆಗೆ ಬರುತ್ತಾರಂತೆ.