ನಮ್ಮೂರ ಕಲ್ಲು, ಅವರೂರ ಹೆಸರುಗಳು

ವಾಷಿಂಗ್ಟನ್‌ಗೆ ಹೋದವರೆಲ್ಲ ಮೊದಲು ಶ್ವೇತಭವನ ನೋಡುತ್ತಾರೆ. ನಾವೂ ಬೇಲಿಯ ಈಚೆ ನಿಂತು ಫೋಟೊ ತೆಗೆಸಿಕೊಂಡೆವು. ಅದರ ಬಗ್ಗೆ ಇಷ್ಟು ಸಾಕು. ನಾನು ಬೆಂಗಳೂರು ಬಿಡುವಾಗಲೇ ನೋಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದು ಒಂದು ಗೋಡೆಯನ್ನು.

ಅದು 2023ರ ಅಕ್ಟೋಬರ್. ಮಗಳು, ಅಳಿಯ ಇರುವುದು ಪಿಟ್ಸ್‌ಬರ್ಗ್‌ನಲ್ಲಿ. ವಾಷಿಂಗ್ಟನ್‌ನಲ್ಲಿ ಎರಡು ದಿನ ಸುತ್ತಿಸಿ, ಆಮೇಲೆ ಕಾರಿನಲ್ಲಿ ಮನೆಗೆ ಕರೆದೊಯ್ಯುವುದು ಅವರ ಏರ್ಪಾಡು. ಮ್ಯೂಸಿಯಂಗಳ ಪಟ್ಟಿಯೇ ಅಳಿಯನ ಫೋನಿನಲ್ಲಿತ್ತು. "ಅದೆಲ್ಲ ಇರಲಿ, ಮೊದಲು ವಿಯೆಟ್ನಾಂ ಗೋಡೆಗೆ ಹೋಗೋಣ" ಎಂದೆ.

ಲಿಂಕನ್ ಸ್ಮಾರಕದಿಂದ ಐದು ನಿಮಿಷದ ನಡಿಗೆ. ದೂರದಿಂದ ಏನೂ ಕಾಣುವುದಿಲ್ಲ, ಬರೀ ಹುಲ್ಲು. ದಾರಿ ನಿಧಾನವಾಗಿ ಇಳಿಯುತ್ತದೆ. ನಾವು ಇಳಿದ ಹಾಗೆಲ್ಲ ಪಕ್ಕದಲ್ಲಿ ಕಪ್ಪು ಕಲ್ಲು ಏಳುತ್ತದೆ. ಮೊದಲು ಪಾದದಷ್ಟು, ಆಮೇಲೆ ಮೊಣಕಾಲಿನಷ್ಟು, ಸೊಂಟದಷ್ಟು. ನಡುಮಧ್ಯಕ್ಕೆ ಬರುವಷ್ಟರಲ್ಲಿ ಹತ್ತು ಅಡಿ. ಅಲ್ಲಿ ಗೋಡೆ ಮುರಿದು ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕನ್ ಸೈನಿಕರ ಹೆಸರುಗಳು. 58,000ಕ್ಕೂ ಜಾಸ್ತಿ. ಸಿಪಾಯಿ, ಕ್ಯಾಪ್ಟನ್ ಎಂಬ ಹುದ್ದೆ ಇಲ್ಲ, ಊರಿನ ಹೆಸರಿಲ್ಲ. ಬರೀ ಹೆಸರು. ಅದರ ಮೇಲೆ ನಮ್ಮ ಮುಖದ ನೆರಳು.

ನನ್ನ ಹೆಂಡತಿ ಕೈಯಿಟ್ಟು ನೋಡಿದಳು. "ರೀ, ನಮ್ಮ ಅಡುಗೆಮನೆ ಕಟ್ಟೆ ಕಲ್ಲಿನ ಹಾಗೇ ಇದೆಯಲ್ಲ!"

"ಇರದೆ ಏನು? ಕಲ್ಲು ನಮ್ಮ ಕಡೆಯದೇ ಕಣೆ."

"ಸುಮ್ನೆ ಏನಾದ್ರೂ ಹೇಳ್ಬೇಡಿ."

ಅಳಿಯ ಫೋನ್ ತೆಗೆದು ನೋಡಿದ. "ಹೌದು ಅತ್ತೆ, ಬೆಂಗಳೂರು ಅಂತಲೇ ಇದೆ."

ಕಲ್ಲು ತೆಗೆದದ್ದು ಬೆಂಗಳೂರಿನ ಸೀಮೆಯಲ್ಲಿ. ಕತ್ತರಿಸಿ ಹೊಳಪು ಕೊಟ್ಟದ್ದು ವರ್ಮಾಂಟ್‌ನ ಬ್ಯಾರಿ ಎಂಬ ಊರಿನಲ್ಲಿ. ಹೆಸರು ಕೆತ್ತಿದ್ದು ಟೆನೆಸ್ಸಿಯ ಮೆಂಫಿಸ್‌ನಲ್ಲಿ. 1982ರ ನವೆಂಬರ್‌ನಲ್ಲಿ ಉದ್ಘಾಟನೆ. ವಿನ್ಯಾಸ ಮಾಡಿದ ಮಾಯಾ ಲಿನ್‌ಗೆ ಸ್ಪರ್ಧೆ ಗೆದ್ದಾಗ 21 ವರ್ಷ, ಇನ್ನೂ ಯೇಲ್‌ನಲ್ಲಿ ಓದುತ್ತಿದ್ದ ಹುಡುಗಿ. 1,400ಕ್ಕೂ ಹೆಚ್ಚು ವಿನ್ಯಾಸಗಳ ನಡುವೆ ಅವಳದು ಆಯ್ಕೆಯಾಗಿತ್ತು. ಆಗ ಕೆಲವರು ಕೆಂಡಾಮಂಡಲವಾದರು. ಸ್ಮಾರಕ ಎಂದರೆ ಬಿಳಿ ಇರಬೇಕು, ಮೇಲೆ ಏಳಬೇಕು. ಇದೇನು ಕಪ್ಪಗೆ, ನೆಲಕ್ಕೆ ಬಿದ್ದ ಗಾಯದ ಹಾಗೆ ಎಂದರು. ಅವರ ಸಮಾಧಾನಕ್ಕೆ 1984ರಲ್ಲಿ ಮೂವರು ಸೈನಿಕರ ಕಂಚಿನ ವಿಗ್ರಹವನ್ನೂ ಹತ್ತಿರದಲ್ಲಿ ಇಟ್ಟರು. ವಿಗ್ರಹ ಚೆನ್ನಾಗಿಯೇ ಇದೆ. ಆದರೆ ಜನ ನಿಲ್ಲುವುದು ಗೋಡೆಯ ಮುಂದೆ.

ಹೆಸರುಗಳು ಅಕಾರಾದಿಯಾಗಿಲ್ಲ, ಸಾವಿನ ದಿನದ ಪ್ರಕಾರ ಇವೆ. ಶುರುವಾಗುವುದು ನಡುವಿನಲ್ಲಿ, 1959ರಿಂದ. ಬಲಕ್ಕೆ ಹೋಗುತ್ತಾ ಹೋಗುತ್ತಾ ನೆಲದಲ್ಲಿ ಮುಗಿಯುತ್ತದೆ. ಮತ್ತೆ ಎಡತುದಿಯಿಂದ ಎದ್ದು ನಡುವಿಗೆ ಬಂದು 1975ಕ್ಕೆ ನಿಲ್ಲುತ್ತದೆ. ಮೊದಲು ಸತ್ತವರೂ ಕೊನೆಗೆ ಸತ್ತವರೂ ಪಕ್ಕಪಕ್ಕ. 1968ರ ಹತ್ತಿರ ಕಲ್ಲು ಪೂರಾ ಹೆಸರಿನಿಂದ ಬಿಗಿದುಹೋಗಿದೆ. ಒಬ್ಬ ಮುದುಕರು ಒಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜುತ್ತಿದ್ದರು. ಅಕ್ಷರ ಒಂದೊಂದಾಗಿ ಬಿಳಿಯಾಗಿ ಮೂಡುತ್ತಿತ್ತು. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಹಾಗೇ ಮಾಡುತ್ತಿದ್ದೆವು. ಮಾತಾಡಿಸಬೇಕು ಅನ್ನಿಸಿತು. ಮಾತಾಡಿಸಲಿಲ್ಲ.

ಹೊರಟಾಗ ಪೊಟೊಮ್ಯಾಕ್ ನದಿ ದಂಡೆಯಲ್ಲಿ ವಾಟರ್‌ಗೇಟ್ ಕಟ್ಟಡ ಕಂಡಿತು. ಬಾಗಿದ ಬಾಲ್ಕನಿಗಳು, ಶ್ರೀಮಂತರ ಅಪಾರ್ಟ್‌ಮೆಂಟಿನಂಥದು. 1972ರ ಜೂನ್‌ನಲ್ಲಿ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅದೇ ಹಗರಣಕ್ಕೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಅಧ್ಯಕ್ಷ ಫೋರ್ಡ್, ಒಂದೇ ತಿಂಗಳಲ್ಲಿ ನಿಕ್ಸನ್ನರನ್ನು ಕ್ಷಮಿಸಿಬಿಟ್ಟರು. 1964ರಲ್ಲಿ ಸಮೀಕ್ಷೆಗೆ ಉತ್ತರ ಕೊಟ್ಟ ಅಮೆರಿಕನ್ನರಲ್ಲಿ ಶೇ. 77ರಷ್ಟು ಮಂದಿ ಸರ್ಕಾರವನ್ನು ನಂಬುತ್ತೇವೆ ಎಂದಿದ್ದರು. ಹತ್ತು ವರ್ಷದ ಮೇಲೆ ಅದು ಶೇ. 36. ಯುದ್ಧ ಅರ್ಧ ಇಳಿಸಿತು, ವಾಟರ್‌ಗೇಟ್ ಉಳಿದರ್ಧ. ಆ ನಂಬಿಕೆ ಆಮೇಲೆ ಪೂರ್ತಿ ಹಿಂದಿರುಗಲೇ ಇಲ್ಲ.

ಪಿಟ್ಸ್‌ಬರ್ಗ್‌ಗೆ ನಾಲ್ಕು ಗಂಟೆಗೂ ಜಾಸ್ತಿ ದಾರಿ. ಪೆನ್ಸಿಲ್ವೇನಿಯದ ಬೆಟ್ಟಗಳಲ್ಲಿ ಎಲೆ ಕೆಂಪಾಗಿದ್ದವು. ಅಳಿಯ ಮನೆ ಕೊಳ್ಳುವ ಯೋಚನೆಯಲ್ಲಿದ್ದ. "ಸಾಲದ ಬಡ್ಡಿ ಏಳೂವರೆ ದಾಟಿದೆ ಮಾವ, ಹೇಗೆ ತಗೊಳ್ಳೋದು?" ಎಂದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನ ಮುಂದೆ ಬಡ್ಡಿಯ ಮಾತು ತೆಗೆಯಬಾರದು. 1981ರ ಅಕ್ಟೋಬರ್‌ನಲ್ಲಿ ನಿಮ್ಮ ಇದೇ ದೇಶದಲ್ಲಿ ಮನೆ ಸಾಲದ ಬಡ್ಡಿ ಶೇ. 18 ದಾಟಿತ್ತು ಅಂತ ಶುರು ಮಾಡಿದೆ.

ಕಥೆ ಹಳೆಯದು. ನಿಕ್ಸನ್‌ಗಿಂತ ಮೊದಲು ಅಧ್ಯಕ್ಷರಾಗಿದ್ದ ಜಾನ್ಸನ್ ಒಂದು ಕೈಯಲ್ಲಿ ಯುದ್ಧ, ಇನ್ನೊಂದು ಕೈಯಲ್ಲಿ ಬಡವರ ಯೋಜನೆ ಎರಡನ್ನೂ ನಡೆಸಿದರು. ತೆರಿಗೆ ಏರಿಸಲು 1968ರವರೆಗೆ ತಡಮಾಡಿದರು. ಬೆಲೆ ಏರತೊಡಗಿತು. 1971ರ ಆಗಸ್ಟ್‌ನಲ್ಲಿ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿದರು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಪೆಟ್ರೋಲ್ ಬಂಕಿನ ಮುಂದೆ ಕಾರುಗಳ ಸಾಲು. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿ ಮೀರಬಾರದು ಎಂದು ಕಾನೂನು. ಬೆಲೆಯೂ ಏರುತ್ತದೆ, ಕೆಲಸವೂ ಹೋಗುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿದವರಿಗೆ ದಿಕ್ಕು ತೋಚಲಿಲ್ಲ. ಕೊನೆಗೆ 1979ರಲ್ಲಿ ಪಾಲ್ ವೋಲ್ಕರ್ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾಗಿ ಬಂದು ಬಡ್ಡಿಯನ್ನು ಆಕಾಶಕ್ಕೆ ಏರಿಸಿದರು. ಬೆಲೆ ಏರುವ ವೇಗ ಇಳಿಯಿತು. 1982ರ ಕೊನೆಗೆ ನಿರುದ್ಯೋಗ ಶೇ. 10.8ಕ್ಕೆ ಹೋಯಿತು. ಜ್ವರ ಬಿಟ್ಟಿತು, ಆದರೆ ರೋಗಿಯ ಕಾಲು ಬಿದ್ದುಹೋಯಿತು.

ಹಿಂದಿನ ಸೀಟಿನಲ್ಲಿ ತಾಯಿ, ಮಗಳು ಇಬ್ಬರೂ ನಿದ್ದೆ ಹೋಗಿದ್ದರು.

ಊರು ಹತ್ತಿರ ಬಂದಾಗ ಗುಡ್ಡದ ಮೇಲೆ ಬಿಳಿ ಗೋಪುರ ಕಂಡಿತು. ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ. ಪ್ರತಿಷ್ಠೆಯಾದದ್ದು 1977ರಲ್ಲಿ, ಅಮೆರಿಕದ ಮೊದಮೊದಲ ಹಿಂದೂ ದೇವಾಲಯಗಳಲ್ಲಿ ಒಂದು. ದರ್ಶನ ಮುಗಿಸಿ ಪುಳಿಯೋಗರೆ, ಮೊಸರನ್ನ ತಿಂದೆವು. ಸುತ್ತ ಕನ್ನಡ, ತೆಲುಗು, ತಮಿಳು. ಇವರೆಲ್ಲ ಇಲ್ಲಿಗೆ ಬರಲು ದಾರಿ ಮಾಡಿದ್ದು 1965ರ ಅಕ್ಟೋಬರ್‌ನಲ್ಲಿ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು. ಅದೇ ವರ್ಷದ ಮಾರ್ಚ್‌ನಲ್ಲಿ ಅದೇ ಜಾನ್ಸನ್ ಕಳಿಸಿದ ಪಡೆ ವಿಯೆಟ್ನಾಂನ ಡನಾಂಗ್ ಕಡಲತೀರದಲ್ಲಿ ಇಳಿದಿತ್ತು. ಅವರ ಹುಡುಗರು ಹೊರಗೆ ಹೋದ ವರ್ಷವೇ ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಬಾಗಿಲು ತೆರೆದದ್ದು. ಈ ಲೆಕ್ಕ ದೇವಸ್ಥಾನದಲ್ಲಿ ಯಾರೂ ಹಾಕುವುದಿಲ್ಲ. ನಾನೂ ಎಲೆ ಮುಂದೆ ಕೂತು ಹಾಕಬಾರದಿತ್ತೇನೋ.

ಸಂಜೆ ಶಾಪಿಂಗ್‌ಗೆಂದು ಹೋಮ್‌ಸ್ಟೆಡ್‌ಗೆ ಕರೆದೊಯ್ದರು. ನದಿ ಪಕ್ಕ ದೊಡ್ಡ ಮಾಲ್, ಸಿನಿಮಾ, ಹೋಟೆಲು. ನಡುವೆ ಸಾಲಾಗಿ ಹನ್ನೆರಡು ಇಟ್ಟಿಗೆ ಚಿಮಣಿಗಳು. ಅವಕ್ಕೆ ಒಲೆಯೂ ಇಲ್ಲ, ಕಟ್ಟಡವೂ ಇಲ್ಲ. 1986ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಗುರುತಾಗಿ ಉಳಿದವು. ಹೆಂಡತಿ ಸ್ವೆಟರ್ ಕೊಳ್ಳುವುದನ್ನು ಬಿಟ್ಟು ಚಿಮಣಿ ನೋಡುತ್ತಾ ನಿಂತಳು. ಅವಳು ಭದ್ರಾವತಿಯ ನ್ಯೂಟೌನ್‌ನವಳು. ಅವಳಪ್ಪ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು.

ಅದಕ್ಕೇ ಶನಿವಾರ ಯಂಗ್ಸ್‌ಟೌನ್‌ಗೆ ಹೋಗೋಣ ಎಂದಾಗ ಅವಳು ಬೇಡ ಎನ್ನಲಿಲ್ಲ. ಅಳಿಯನಿಗೆ ಮಾತ್ರ ಆಶ್ಚರ್ಯ. "ಅಲ್ಲಿ ನೋಡೋದು ಏನಿದೆ ಮಾವ? ಎಲ್ಲರೂ ನಯಾಗರಾಕ್ಕೆ ಹೋಗ್ತಾರೆ."

ಓಹಿಯೊ ಗಡಿ ದಾಟಿದರೆ ಯಂಗ್ಸ್‌ಟೌನ್. ಮಹೋನಿಂಗ್ ಎಂಬ ಸಣ್ಣ ನದಿ. ಒಂದು ಕಾಲದಲ್ಲಿ ಅದರ ಉದ್ದಕ್ಕೂ ಮೈಲಿಗಟ್ಟಲೆ ಉಕ್ಕಿನ ಕಾರ್ಖಾನೆಗಳಿದ್ದವು. 1930ರಲ್ಲಿ ಊರಿನ ಜನ 1,70,000. ಈಗ 60,000. ಬೀದಿಯಲ್ಲಿ ಎರಡು ಮನೆಗಳ ನಡುವೆ ಮೂರು ಮನೆಯಷ್ಟು ಹುಲ್ಲು. ಬಿದ್ದ ಹಲ್ಲಿನ ಬಾಯಿಯ ಹಾಗೆ ಎಂದಳು ಹೆಂಡತಿ.

1977ರ ಸೆಪ್ಟೆಂಬರ್ 19, ಸೋಮವಾರ. ಯಂಗ್ಸ್‌ಟೌನ್ ಶೀಟ್ ಆ್ಯಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆ ಮುಚ್ಚುತ್ತೇವೆ ಎಂದಿತು. ಸುಮಾರು 5,000 ಜನರ ಕೆಲಸ. ಊರಿನವರು ಅದನ್ನು ಇಂದಿಗೂ ಬ್ಲ್ಯಾಕ್ ಮಂಡೆ ಎನ್ನುತ್ತಾರೆ. ಕಂಪನಿಯನ್ನು 1969ರಲ್ಲಿ ನ್ಯೂ ಆರ್ಲಿಯನ್ಸ್‌ನ ಲೈಕ್ಸ್ ಎಂಬ ಹಡಗಿನ ಕಂಪನಿ ಕೊಂಡಿತ್ತು. ಕುಲುಮೆಗಳು ಹಳೆಯವು, ಹೊಸದಕ್ಕೆ ದುಡ್ಡು ಹಾಕುವವರಿಲ್ಲ. ಆಚೆಯಿಂದ ಜಪಾನಿನ ಉಕ್ಕು ಅಗ್ಗದಲ್ಲಿ ಬರುತ್ತಿತ್ತು. ಯುದ್ಧ ಮುಗಿದು ಎರಡು ವರ್ಷವಾಗಿತ್ತು ಅಷ್ಟೇ. ಕಾಲೇಜಿಗೆ ಸೇರಿದವರಿಗೆ ಸೈನ್ಯದಿಂದ ವಿನಾಯಿತಿ ಸಿಗುತ್ತಿದ್ದ ಕಾಲದಲ್ಲಿ ವಿಯೆಟ್ನಾಂಗೆ ಜಾಸ್ತಿ ಹೋದದ್ದು ಇಂಥ ಊರುಗಳ ಕಾರ್ಮಿಕರ ಮಕ್ಕಳು. ಬದುಕಿ ಬಂದವರಿಗೆ ಕಾದಿದ್ದ ಕೆಲಸ ಇದೇ ಆಗಿತ್ತು.

ನನಗೆ ಮನಸ್ಸಿಗೆ ನಾಟಿದ್ದು ಆಮೇಲಿನ ಕಥೆ. ಪಾದ್ರಿಗಳು, ರಬ್ಬಿಗಳು, ಕಾರ್ಮಿಕರು ಸೇರಿ ಕಾರ್ಖಾನೆಯನ್ನು ತಾವೇ ಕೊಂಡು ನಡೆಸೋಣ ಎಂದರು. ಜನ ಸ್ಥಳೀಯ ಬ್ಯಾಂಕುಗಳಲ್ಲಿ ‘ಸೇವ್ ಅವರ್ ವ್ಯಾಲಿ’ ಎಂಬ ಉಳಿತಾಯ ಖಾತೆ ತೆರೆದು ದುಡ್ಡು ಇಟ್ಟರು. ಉಳಿದ ದೊಡ್ಡ ಮೊತ್ತದ ಸಾಲಕ್ಕೆ ಕೇಂದ್ರ ಸರ್ಕಾರದ ಜಾಮೀನು ಬೇಕಿತ್ತು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಸರ್ಕಾರ ಆಗುವುದಿಲ್ಲ ಎಂದಿತು. ಅದೇ ವರ್ಷದ ಕೊನೆಗೆ ಕ್ರೈಸ್ಲರ್ ಕಾರು ಕಂಪನಿಗೆ ಜಾಮೀನು ಸಿಕ್ಕಿತು. ದೊಡ್ಡ ಸಾಲಗಾರನಿಗೆ ಕುರ್ಚಿ, ಚಿಕ್ಕವನಿಗೆ ಅರ್ಜಿ. ಇದು ನನಗೆ ಗೊತ್ತಿರುವ ಲೋಕವೇ.

ಅಲ್ಲಿ ಉಕ್ಕಿನ ಮ್ಯೂಸಿಯಂ ಒಂದಿದೆ. ಒಳಗೆ ಕಾರ್ಮಿಕರು ಬಟ್ಟೆ ಬದಲಿಸುತ್ತಿದ್ದ ಕೋಣೆಯನ್ನು ಹಾಗೇ ಮಾಡಿ ಇಟ್ಟಿದ್ದಾರೆ. ಹೆಂಡತಿ ಅದರ ಮುಂದೆ ಬಹಳ ಹೊತ್ತು ನಿಂತಳು. "ಸೈರನ್ ಕೂಗಿದ್ರೆ ಅಮ್ಮ ಅನ್ನಕ್ಕಿಡ್ತಿದ್ದರು. ಗಡಿಯಾರ ನೋಡ್ತಾನೇ ಇರಲಿಲ್ಲ" ಎಂದಳು. ಸ್ವಲ್ಪ ತಡೆದು, "ಅಲ್ಲಿ ಗೋಡೆ ಮೇಲೆ ಒಬ್ಬೊಬ್ಬರ ಹೆಸರೂ ಇತ್ತು. ಇಲ್ಲಿ ಐದು ಸಾವಿರ ಅಂತ ಒಂದೇ ಸಂಖ್ಯೆ" ಎಂದಳು. ನಾನು ಮೂರು ದಿನದಿಂದ ಕೊಟ್ಟ ಭಾಷಣಕ್ಕಿಂತ ಇದು ಜಾಸ್ತಿ ತೂಕದ್ದು ಎಂದು ಒಪ್ಪಿಕೊಳ್ಳಬೇಕು.

ಈ ಮಹೋನಿಂಗ್ ಕೌಂಟಿ 1972ರಲ್ಲಿ ನಿಕ್ಸನ್‌ಗೆ ಮತ ಹಾಕಿದ ಮೇಲೆ ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ನರನ್ನು ಗೆಲ್ಲಿಸಿರಲಿಲ್ಲ. ಕಾರ್ಮಿಕ ಸಂಘಗಳ ಊರು. 2020ರಲ್ಲಿ ಟ್ರಂಪ್‌ಗೆ ಒಲಿಯಿತು. ಟಿವಿಯವರಿಗೆ ಅದು ದೊಡ್ಡ ಸುದ್ದಿಯಾಗಿತ್ತು. ಈ ಬೀದಿಗಳಲ್ಲಿ ಒಂದು ಗಂಟೆ ಓಡಾಡಿದರೆ, ಅದು 2020ರಲ್ಲಿ ಶುರುವಾದ ಸುದ್ದಿ ಅಲ್ಲ ಎಂದು ತಿಳಿಯುತ್ತದೆ.

ಮುಂದೆ ಲಾರ್ಡ್ಸ್‌ಟೌನ್ ಬಂತು. ಇಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಗಂಟೆಗೆ ನೂರು ಕಾರು, ಅಂದರೆ ಒಂದೊಂದು ಕಾರಿಗೆ 36 ಸೆಕೆಂಡು ಎಂಬ ವೇಗ ಇಟ್ಟಿದ್ದರು. 1972ರಲ್ಲಿ ಉದ್ದ ಕೂದಲಿನ ಹುಡುಗರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಜನ ಯುದ್ಧದಿಂದ ಬಂದವರು. ಅಲ್ಲೂ ಆಜ್ಞೆ, ಇಲ್ಲೂ ಆಜ್ಞೆಯೇ ಅಂದರೆ ಯಾರು ತಡೆಯುತ್ತಾರೆ? ಕಾರ್ಖಾನೆ 2019ರಲ್ಲಿ ನಿಂತಿತು. 2022ರಲ್ಲಿ ಫಾಕ್ಸ್‌ಕಾನ್ ಕೈಗೆ ಬಂತು. ನಮ್ಮ ದೇವನಹಳ್ಳಿ ಕಡೆಯೂ ಜಾಗ ತೆಗೆದುಕೊಂಡಿರುವ ಕಂಪನಿಯೇ. ಅಳಿಯ ಕಾರು ನಿಲ್ಲಿಸಲಿಲ್ಲ.

ಕೆಂಟ್ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯ, 1970ರ ಮೇ 4. ಕಾಂಬೋಡಿಯಾಕ್ಕೂ ಸೈನ್ಯ ನುಗ್ಗಿಸಿದ್ದೇವೆ ಎಂದು ನಿಕ್ಸನ್ ಹೇಳಿ ನಾಲ್ಕು ದಿನವಾಗಿತ್ತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಲಾರಿ ಚಾಲಕರ ಮುಷ್ಕರ ಕಾಯುತ್ತಿದ್ದ ನ್ಯಾಷನಲ್ ಗಾರ್ಡ್ ಪಡೆಯನ್ನು ಅಲ್ಲಿಂದ ಇಲ್ಲಿಗೆ ಕರೆಸಿದ್ದರು. ಗುಡ್ಡದ ಮೇಲಿಂದ 13 ಸೆಕೆಂಡು ಗುಂಡು ಹಾರಿತು. ನಾಲ್ವರು ಸತ್ತರು, ಒಂಬತ್ತು ಜನಕ್ಕೆ ಗಾಯ. ಅಲ್ಲಿ ಒಂದು ಉಕ್ಕಿನ ಶಿಲ್ಪದಲ್ಲಿ ಗುಂಡು ತೂರಿದ ತೂತು ಇನ್ನೂ ಇದೆ. ಬೆರಳು ಹಾಕಬಹುದು. ಮಗಳು ಹಾಕಿ ನೋಡಿ ತಟ್ಟನೆ ತೆಗೆದಳು.

ಸತ್ತವರು ಬಿದ್ದ ಜಾಗಗಳು ಕಾರ್ ಪಾರ್ಕಿಂಗ್ ಮತ್ತು ಅದರ ಅಂಚಿನಲ್ಲಿವೆ. ಅವುಗಳ ಸುತ್ತ ಗಿಡ್ಡ ಕಂಬ ನೆಟ್ಟು, ಹೆಸರು ಬರೆದು, ಯಾರೂ ಗಾಡಿ ನಿಲ್ಲಿಸದ ಹಾಗೆ ಮಾಡಿದ್ದಾರೆ. ಒಂದು ಜಾಗ ಸ್ಯಾಂಡ್ರಾ ಶೂಯರ್‌ದು. ಇಪ್ಪತ್ತು ವರ್ಷ. ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ವಿದ್ಯೆ ಓದುತ್ತಿದ್ದಳು. ಪ್ರತಿಭಟನೆಗೆ ಬಂದವಳಲ್ಲ, ಕ್ಲಾಸಿಗೆ ಹೋಗುತ್ತಿದ್ದಳು. ಗುಂಡು ಹಾರಿಸಿದವರಿಂದ ನೂರು ಗಜಕ್ಕೂ ಜಾಸ್ತಿ ದೂರದಲ್ಲಿದ್ದಳು. ಊರು ಯಂಗ್ಸ್‌ಟೌನ್.

"ಇವರ ಹೆಸರು ಆ ಗೋಡೆ ಮೇಲೆ ಇದೆಯೇನ್ರೀ?"

"ಇಲ್ಲ ಕಣೆ. ಅದು ಯುದ್ಧಕ್ಕೆ ಹೋದವರದು."

ಅವಳು ಏನೂ ಅನ್ನಲಿಲ್ಲ. ಕಂಬದ ತಲೆಯ ಮೇಲೆ ಯಾರೋ ಬೆಣಚುಕಲ್ಲು ಇಟ್ಟು ಹೋಗಿದ್ದರು. ಆ ನಾಲ್ಕು ಜಾಗ ಬಿಟ್ಟು ಉಳಿದೆಲ್ಲ ಕಡೆ ಕಾರುಗಳು. ನಾವು ಕಾರಿನ ಹತ್ತಿರ ಬಂದಾಗ ಒಬ್ಬ ಹುಡುಗಿ ತನ್ನ ಗಾಡಿಯ ಕಿಟಕಿ ಇಳಿಸಿ, ನಗುತ್ತಾ, ನೀವು ಹೊರಟಿದ್ದೀರಾ ಎಂದು ಕೇಳಿದಳು. ಅವಳಿಗೆ ಜಾಗ ಬೇಕಿತ್ತು. ಅಳಿಯ ಬೇಗ ಬೇಗ ಕಾರು ಹಿಂದಕ್ಕೆ ತೆಗೆದ.