ಮರೆತ ಪಿನ್ನು

ಟಕ್ ಅಂತು. ಫುಸ್ ಅಂತು. ಆಮೇಲೆ ಢಂ ಅನ್ನಬೇಕಿತ್ತು, ಅನ್ನಲಿಲ್ಲ.

ನಲವತ್ತು ಹೆಜ್ಜೆ ಆಚೆ ನಿಂತಿದ್ದ ಹೆಣ್ಣು ಜಿಂಕೆ ತಲೆ ಎತ್ತಿ ನನ್ನನ್ನೇ ನೋಡಿತು. ನನ್ನ ಮೂಗಿನ ಮುಂದೆ ಒಂದು ಹಿಡಿ ಬಿಳಿ ಹೊಗೆ. ಕೋವಿ ಹಾಗೇ ಹೆಗಲ ಮೇಲಿತ್ತು. ತಲೆಯಲ್ಲಿ ಬಂದದ್ದು ಒಂದೇ ಮಾತು: ಅಯ್ಯೋ, ಪಿನ್ನು!

ಜಾಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿರುವ ರೋತ್‌ರಾಕ್ ಕಾಡು. ತಿಂಗಳು ಜನವರಿ. ಚಳಿ ಎಷ್ಟಿತ್ತೆಂದರೆ ಮೀಸೆಗೆ ಉಸಿರು ಹೆಪ್ಪುಗಟ್ಟಿತ್ತು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಇಲ್ಲಿ ಇನ್ನೂರು ವರ್ಷ ಹಿಂದಿನ ನಮೂನೆಯ ಕೋವಿ ಹಿಡಿದು ಏನು ಮಾಡುತ್ತಿದ್ದ ಅಂತ ಕೇಳಿದರೆ, ತಪ್ಪೆಲ್ಲ ಪಕ್ಕದ ಮನೆಯ ಯಜಮಾನರದ್ದು.

ಇಲ್ಲಿ ಬೇಟೆ ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಎಷ್ಟೋ ಕಡೆ ಶಾಲೆಗೇ ರಜೆ. ಬಂದ ಹೊಸದರಲ್ಲಿ ಮಗಳ ಶಾಲೆ ಕ್ಯಾಲೆಂಡರ್ ನೋಡಿ, ಇದ್ಯಾವ ಹಬ್ಬ ಅಂತ ತಲೆ ಕೆರೆದುಕೊಂಡಿದ್ದೆ. ಪಕ್ಕದ ಮನೆಯವರು ನಕ್ಕು, ‘ಜಿಂಕೆ ಹಬ್ಬ’ ಅಂದರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಆದರೆ ಕೋವಿ ವಿಷಯ ಬಂದರೆ ಕಾಫಿ ತಣ್ಣಗಾಗುವುದೂ ಗೊತ್ತಾಗುವುದಿಲ್ಲ.

ನವೆಂಬರ್, ಡಿಸೆಂಬರ್ ಬೇಟೆ ಅವರ ಲೆಕ್ಕದಲ್ಲಿ ಮಕ್ಕಳಾಟ. ಈಗಿನ ರೈಫಲ್, ಮೇಲೊಂದು ದುರ್ಬೀನು, ಇನ್ನೂರು ಗಜದಿಂದ ಹೊಡೆಯುವುದು. ಅವರು ಕಾಯುವುದು ಕ್ರಿಸ್‌ಮಸ್ ಮಾರನೇ ದಿನಕ್ಕೆ. ಆವತ್ತಿನಿಂದ ಜನವರಿ ಅರ್ಧ ಕಳೆಯುವವರೆಗೆ ಚಕಮಕಿ ಕೋವಿಯವರ ಕಾಲ. 1974ರಲ್ಲಿ ಶುರುವಾದ ಪದ್ಧತಿ ಇದು. ಒಂದೇ ನಳಿಗೆ ಇರಬೇಕು, ಬೆಂಕಿ ಕಲ್ಲಿನಿಂದಲೇ ಹತ್ತಬೇಕು. ಕೋವಿ 1800ಕ್ಕಿಂತ ಹಿಂದಿನದಾಗಿರಬೇಕು, ಇಲ್ಲವೇ ಆ ಕಾಲದ್ದರ ಪಡಿಯಚ್ಚು ಆಗಿರಬೇಕು. ದುರ್ಬೀನು ಕೂಡದು.

ಅವರ ಗೋಡೆ ಮೇಲೆ ನಿಜವಾಗಿ ಹಳೆಯದೂ ಒಂದಿದೆ. ಉದ್ದ ನಳಿಗೆ, ಹುಲಿಪಟ್ಟೆಯಂಥ ಗೆರೆಗಳಿರುವ ಮೇಪಲ್ ಮರದ ಹಿಡಿ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಬಂದ ಕಮ್ಮಾರರು ಹದಿನೆಂಟನೇ ಶತಮಾನದಲ್ಲಿ ಇಲ್ಲಿಯ ಲ್ಯಾಂಕಾಸ್ಟರ್ ಸುತ್ತಮುತ್ತ ಮಾಡುತ್ತಿದ್ದ ನಮೂನೆ ಅದು. ಅದನ್ನು ಅವರು ಕಾಡಿಗೆ ಒಯ್ಯುವುದಿಲ್ಲ. ನಳಿಗೆ ಒಳಗೆ ತುಕ್ಕು ತಿಂದಿದೆ, ಮದ್ದು ತುಂಬಿದರೆ ಯಾರ ಮುಖಕ್ಕೆ ಸಿಡಿಯುತ್ತದೋ ಹೇಳಲಾಗದು ಅನ್ನುತ್ತಾರೆ. ಕಾಡಿಗೆ ಹೋಗುವುದು ಅವರೇ ಕೈಯಾರೆ ಜೋಡಿಸಿದ ಎರಡು ಪಡಿಯಚ್ಚುಗಳು. ಅದರಲ್ಲೊಂದನ್ನು ನನ್ನ ಕೈಗೆ ಕೊಟ್ಟರು. ಬೇಟೆಯ ಕೋರ್ಸ್ ಮುಗಿಸಿ, ಲೈಸೆನ್ಸ್ ಮಾಡಿಸಿ, ಮೇಲೆ ಈ ಕೋವಿಗೆ ಬೇರೆ ಪರವಾನಗಿ ತೆಗೆದ ಮೇಲೇ ಕೊಟ್ಟಿದ್ದು.

ನನಗೆ ಈ ಕೋವಿ ಪೂರ್ತಿ ಹೊಸದೇನಲ್ಲ. ನಮ್ಮ ಮನೆಯಲ್ಲಿ ಅಜ್ಜಯ್ಯನ ಕೇಪಿನ ಕೋವಿ ಇತ್ತು. ಅದೂ ಬಾಯಿಯಿಂದ ಮದ್ದು ತುಂಬುವಂಥದ್ದೇ. ಬೆಳೆ ರಕ್ಷಣೆ ಲೈಸೆನ್ಸಿನದು. ನಾನು ನೋಡುವ ಹೊತ್ತಿಗೆ ಅದರ ಕೆಲಸ ಗದ್ದೆ ಮಾಳದಲ್ಲಿ ಕೂತು ಹಂದಿ ಓಡಿಸಲು ಬರೀ ಮದ್ದಿನ ಈಡು ಹೊಡೆಯುವುದು ಮಾತ್ರ. ಎಲೆಕ್ಷನ್ ಬಂತೆಂದರೆ ಗೋಣಿ ಸುತ್ತಿಸಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರುತ್ತಿತ್ತು. ಬೇಟೆಯೆಲ್ಲ 1972ರ ಕಾನೂನು ಬರುವ ಮುಂಚಿನ ಕಥೆ. ಹಳು ಸೋಯುವವರು, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸುವವರು ಯಾರು, ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿಗೆ ಕೋವಿ ಹಿಡಿದು ಕೂತವರು ಯಾರು, ಹಂದಿ ಯಾರ ಕಾಲ ಸಂದಿಯಲ್ಲಿ ನುಗ್ಗಿ ಹೋಯಿತು, ಮಾಂಸದಲ್ಲಿ ನಾಯಿಗೂ ಒಂದು ಪಾಲು ಹೇಗೆ ಇಡುತ್ತಿದ್ದರು, ಎಲ್ಲ ಅಜ್ಜಯ್ಯನ ಬಾಯಲ್ಲಿ ಕೇಳಿದ್ದು. ಕಾನೂನು ಬಂದದ್ದು ಸರಿಯೇ. ಅಜ್ಜಯ್ಯನ ಒಂದು ಕಥೆಯಲ್ಲಿ ಬರುವಷ್ಟು ಪ್ರಾಣಿಗಳನ್ನು ನಾನು ಇಪ್ಪತ್ತು ವರ್ಷ ಅಲ್ಲೇ ಇದ್ದರೂ ಕಾಣಲಿಲ್ಲ.

ಇಲ್ಲೂ ಒಮ್ಮೆ ಹಾಗೇ ಆಗಿತ್ತಂತೆ. 1900ರ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಮುಗಿದೇ ಹೋಗುವ ಹಾಗಿತ್ತು. 1906ರಿಂದ ಬೇರೆ ರಾಜ್ಯಗಳಿಂದ ತಂದು ಬಿಟ್ಟರು. ಈಗ ಎಷ್ಟು ಜಾಸ್ತಿ ಎಂದರೆ ರಾತ್ರಿ ಕಾರು ಓಡಿಸಲು ಹೆದರಿಕೆ.

ಅಜ್ಜಯ್ಯನ ಕೋವಿಗೂ ಈ ಕೋವಿಗೂ ಒಂದೇ ವ್ಯತ್ಯಾಸ, ಆದರೆ ಅದೇ ದೊಡ್ಡದು. ಅಲ್ಲಿ ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಂದು ಕೇಪಿನ ಮೇಲೆ ಬಡಿದರೆ ಸಾಕು, ಅದೇ ಗಳಿಗೆ ಈಡು. ಇಲ್ಲಿ ಕುದುರೆಯ ಬಾಯಲ್ಲಿ ತೊಗಲು ಸುತ್ತಿದ ಚಕಮಕಿ ಕಲ್ಲು. ಅದು ಉಕ್ಕಿನ ತಗಡನ್ನು ಕೆರೆದು ಕಿಡಿ ಉದುರಿಸಬೇಕು. ಕಿಡಿ ಕೆಳಗಿನ ಪುಟ್ಟ ಬಟ್ಟಲಲ್ಲಿರುವ ಹಿಟ್ಟಿನಂಥ ನಯ ಮದ್ದಿಗೆ ತಾಗಬೇಕು. ನಮ್ಮ ಕಡೆ ಹಿಂದೆ ಇದಕ್ಕೆ ರಂಜಕ ಅನ್ನುತ್ತಿದ್ದರು. ಆ ಬೆಂಕಿ ನಳಿಗೆಯ ಪಕ್ಕದ ಸೂಜಿ ತೂತಿನಿಂದ ಒಳಹೊಕ್ಕು ದೊಡ್ಡ ಮದ್ದಿಗೆ ಹತ್ತಬೇಕು. ಹೇಳುವಾಗಲೇ ಇಷ್ಟು ಹೊತ್ತು. ಆಗುವಾಗ ಕಣ್ಣು ಮಿಟುಕಿಸುವಷ್ಟು. ಆದರೆ ಆ ಮಿಟುಕಿನಲ್ಲೇ ಎಲ್ಲ ಕೆಡುವುದು. ಮುಖದ ಹತ್ತಿರ ಬೆಂಕಿ ಭಗ್ ಅಂದಾಗ ತಲೆ ತಾನಾಗಿ ಹಿಂದೆ ಹೋಗುತ್ತದೆ. ಗುಂಡು ಹೊರಡುವ ಹೊತ್ತಿಗೆ ನಳಿಗೆ ಬೇರೆಲ್ಲೋ ನೋಡುತ್ತಿರುತ್ತದೆ.

ಕೇಪು ಹುಟ್ಟಿದ್ದೂ ಈ ಮಿಟುಕಿನಿಂದಲೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಬಾತುಕೋಳಿ ಬೇಟೆಯ ಹುಚ್ಚು. ಬಟ್ಟಲಿನ ಬೆಂಕಿ ಕಂಡ ಕೂಡಲೇ ಹಕ್ಕಿ ಹಾರಿಬಿಡುತ್ತಿತ್ತು. ಅದಕ್ಕೇ ಬಡಿದರೆ ಸಿಡಿಯುವ ರಾಸಾಯನಿಕ ಬಳಸಿ ಕೋವಿ ಮಾಡಿ 1807ರಲ್ಲಿ ಪೇಟೆಂಟ್ ಪಡೆದ. ಕೇಪು ಬಂದದ್ದು ಅದರ ಬೆನ್ನಿಗೆ. ಪಾದ್ರಿ ಪ್ರವಚನ ಎಷ್ಟು ಮಾಡಿದನೋ, ಅಜ್ಜಯ್ಯನ ಹಂದಿಗಳಿಗೆ ಶಾಪವಾಗಿದ್ದು ಮಾತ್ರ ಖರೆ.

ನವೆಂಬರ್ ಪೂರ್ತಿ ಶನಿವಾರ ಶನಿವಾರ ಕಾಗದಕ್ಕೆ ಗುರಿ ಕಟ್ಟಿ ಹೊಡೆದೆ. 80 ಗ್ರೇನ್ ಮದ್ದು, ಅಂದರೆ ಐದು ಗ್ರಾಂ ಚಿಲ್ಲರೆ. ಎಣ್ಣೆ ಸವರಿದ ಬಟ್ಟೆ ತುಂಡಿನಲ್ಲಿ ಸುತ್ತಿದ ಗೋಲಿಯಂಥ ಸೀಸದ ಗುಂಡು. ಕೋಲಿನಿಂದ ಜಡಿಯುವುದು. ಒಂದು ಈಡಿಗೆ ಒಂದು ನಿಮಿಷ. ಮೊದಲ ಹತ್ತರಲ್ಲಿ ಕಾಗದಕ್ಕೆ ತಾಗಿದ್ದು ಎರಡು. ಯಜಮಾನರು ಬೈಯಲಿಲ್ಲ. ‘ಢಂ ಅಂದ ಮೇಲೂ ಗುರಿ ನೋಡ್ತಾ ಇರು, ಮೂರು ಎಣಿಸು’ ಅಂದರು ಅಷ್ಟೇ. ಡಿಸೆಂಬರ್ ಹೊತ್ತಿಗೆ ಐವತ್ತು ಗಜಕ್ಕೆ ಅಂಗೈ ಅಗಲದಲ್ಲಿ ಮೂರು ಬೀಳತೊಡಗಿದವು.

ಆ ದಿನ ಬೆಳಗ್ಗೆ ಅವರ ಟ್ರಕ್ಕಿನಲ್ಲಿ ಹೊರಟಾಗ ನಾನೊಂದು ಹೊಸ ಸುದ್ದಿ ಹೇಳಿದೆ. ಬ್ರಿಟಿಷರ ವಿರುದ್ಧ ಇವರ ಯುದ್ಧ ನಡೆಯುತ್ತಿದ್ದಾಗ, 1782ರಲ್ಲಿ, ಪೆನ್ಸಿಲ್ವೇನಿಯಾದವರು ಹೊರಡಿಸಿದ ಒಂದು ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮ ಮೈಸೂರಿನ ಹೈದರಾಲಿಯೇ. ಅದೇ ಏಪ್ರಿಲ್‌ನಲ್ಲಿ ಆ ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಸೆರೆ ಹಿಡಿಯಿತು. ಯಜಮಾನರು ನಂಬಲಿಲ್ಲ. ಟ್ರಕ್ ಬದಿಗೆ ಹಾಕಿ ಫೋನಿನಲ್ಲಿ ಹುಡುಕಿ ನೋಡಿದರು. ಆಮೇಲೆ ದಾರಿಯುದ್ದಕ್ಕೂ ‘ಹೈಡರ್, ಹೈಡರ್’ ಅಂತ ಗುನುಗುತ್ತಿದ್ದರು. ಆಗ ಇಲ್ಲಿಯವರ ಕೈಯಲ್ಲೂ ಹೈದರನ ಸಿಪಾಯಿಗಳ ಕೈಯಲ್ಲೂ ಇದ್ದದ್ದು ಇದೇ ಚಕಮಕಿ ಕೋವಿ ಅಲ್ವಾ ಅಂದೆ. ತಲೆಯಾಡಿಸಿದರು.

ಲಾರೆಲ್ ಪೊದೆ ದಟ್ಟವಾಗಿರುವ ಇಳಿಜಾರಿನ ಕೆಳಗೆ, ಒಂದು ಹೆಮ್ಲಾಕ್ ಮರದ ಬುಡದಲ್ಲಿ ನನ್ನನ್ನು ನಿಲ್ಲಿಸಿದರು. ನಮ್ಮ ಬಿಲ್ಲಿಗೆ ಕೂತ ಹಾಗೆಯೇ. ಅವರು ಸುತ್ತು ಹಾಕಿ ಮೇಲಿನಿಂದ ನಿಧಾನ ಇಳಿದು ಬರುವುದು. ಈ ಪ್ರಾಯದಲ್ಲಿ ಹಳು ಸೋಯಲು ಅವರು, ಆರಾಮಾಗಿ ನಿಲ್ಲಲು ನಾನು. ನಾಚಿಕೆಯಾಯಿತು. ಆದರೆ ಅವರಿಗೆ ಆ ಗುಡ್ಡ ಮನೆಯಂಗಳ ಇದ್ದ ಹಾಗೆ.

ನಿಂತೆ. ಬಟ್ಟಲಿನ ಮೇಲೆ ತೊಗಲಿನ ಮುಚ್ಚಿಗೆ ಕಟ್ಟಿತ್ತು. ಕರಿಮದ್ದು ಉಪ್ಪಿನ ಹಾಗೆ ತೇವ ಎಳೆಯುತ್ತದೆ. ಎರಡು ಸಲ ಬಟ್ಟಲು ಒರೆಸಿ ಹೊಸ ಮದ್ದು ಹಾಕಿದೆ. ಜಾಣತನ ಅಂದುಕೊಂಡೆ. ಮೂರನೇ ಸಲ ಹಾಕುವಾಗ ಮರದ ಮೇಲಿಂದ ಒಂದು ಬೊಗಸೆ ಹಿಮ ಕತ್ತಿನೊಳಗೆ ಬಿತ್ತು. ಎಗರಿಬಿದ್ದೆ. ಆ ಗಡಿಬಿಡಿಯಲ್ಲಿ ಒಂದು ಕೆಲಸ ಬಿಟ್ಟುಹೋಯಿತು. ನಳಿಗೆಯ ಸೂಜಿ ತೂತಿಗೆ ಪಿನ್ನು, ಅಂದರೆ ಸಣ್ಣ ತಂತಿ, ಹಾಕಿ ಬಿಡಿಸಲಿಲ್ಲ. ಒಳಗೆ ಎಣ್ಣೆಯ ಜಿಡ್ಡೋ, ಕರಗಿದ ಹಿಮವೋ, ಏನೋ ಕಚ್ಚಿಕೊಂಡಿತ್ತು.

ಮೇಲೆ ಎಲ್ಲೋ ಒಂದು ಕಡ್ಡಿ ಮುರಿಯಿತು. ಪೊದೆಯಿಂದ ಮೂರು ಹೆಣ್ಣು ಜಿಂಕೆಗಳು ಸಾಲಾಗಿ ಬಂದವು. ಓಡಲಿಲ್ಲ, ಸುಮ್ನೆ ನಡೆದು ಬಂದವು. ದೊಡ್ಡದು ಅಡ್ಡ ನಿಂತಿತು. ಕುದುರೆ ಎಳೆದೆ. ಗುರಿ ಕೂತಿತು. ಕಣ್ಣು ಮುಚ್ಚಲಿಲ್ಲ, ತಲೆ ಅಲ್ಲಾಡಲಿಲ್ಲ. ಇಡೀ ನವೆಂಬರ್ ಕಲಿತದ್ದೆಲ್ಲ ಸರಿಯಾಗಿಯೇ ಮಾಡಿದೆ.

ಬಟ್ಟಲಿನ ಮದ್ದು ಮಾತ್ರ ಉರಿದು ಮುಗಿಯಿತು.

ಜಿಂಕೆ ಮುಂಗಾಲು ಎತ್ತಿ ನೆಲಕ್ಕೆ ಒಮ್ಮೆ ಕುಟ್ಟಿತು. ಮತ್ತೊಮ್ಮೆ ಕುಟ್ಟಿತು. ನನ್ನ ಕೈ ಜೇಬಿಗೆ ಹೋಗಲು ತವಕಿಸುತ್ತಿತ್ತು. ಆದರೆ ಠುಸ್ ಅಂದ ಕೋವಿಯನ್ನು ಒಂದು ನಿಮಿಷ ಅಲುಗಿಸಬಾರದು, ಒಳಗೆ ಕಿಡಿ ಕೂತಿದ್ದು ತಡವಾಗಿ ಹೊಡೆಯಬಹುದು. ಅಜ್ಜಯ್ಯನೂ ಅದನ್ನೇ ಹೇಳುತ್ತಿದ್ದ, ಯಜಮಾನರೂ ಅದನ್ನೇ ಹೇಳಿದ್ದರು. ನಿಂತೇ ಇದ್ದೆ. ಜಿಂಕೆ ಫೂ ಎಂದು ಉಸಿರು ಬಿಟ್ಟು, ಬಿಳಿ ಬಾಲ ಬಾವುಟದ ಹಾಗೆ ಎತ್ತಿ, ಎರಡೇ ನೆಗೆತಕ್ಕೆ ಮಾಯ. ಉಳಿದೆರಡೂ ಹಿಂದೆಯೇ ಹೋದವು.

ಯಜಮಾನರು ಇಳಿದು ಬಂದರು. ಹಿಮದ ಮೇಲಿನ ಹೆಜ್ಜೆ ನೋಡಿದರು, ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. ಏನೂ ಕೇಳಲಿಲ್ಲ. ನನ್ನ ಜಾಕೆಟ್ಟಿನ ಗುಂಡಿಯಲ್ಲಿ ದಾರ ಕಟ್ಟಿ ಅವರೇ ನೇತುಹಾಕಿದ್ದ ತಂತಿಯನ್ನು ಬೆರಳಿಂದ ಒಮ್ಮೆ ತೂಗಿದರು. ಅದು ಅಲ್ಲೇ, ನನ್ನ ಎದೆಯ ಮೇಲೇ ಇತ್ತು!

ಸಂಜೆ ಹೊರಡುವ ಮುಂಚೆ ತೂತು ಬಿಡಿಸಿ, ಹೊಸ ಮದ್ದು ಹಾಕಿ, ಮಣ್ಣಿನ ದಿಬ್ಬಕ್ಕೆ ಹೊಡೆದು ನಳಿಗೆ ಖಾಲಿ ಮಾಡಿದೆ. ಟಕ್, ಫುಸ್, ಢಂ! ಹೊಗೆ ಗಾಳಿಯಿಲ್ಲದೆ ಅಲ್ಲೇ ನಿಂತಿತು. ಗಂಧಕದ ವಾಸನೆ. ಗದ್ದೆ ಮಾಳದ ರಾತ್ರಿ, ಅಜ್ಜಯ್ಯನ ಕಂಬಳಿ, ಎಲ್ಲ ಒಟ್ಟಿಗೆ ಮೂಗಿಗೆ ಬಂದು ಬಡಿದವು.

ಈ ಕೋವಿಯ ತಾಪತ್ರಯ ಅಲ್ಲಿಗೇ ಮುಗಿಯುವುದಿಲ್ಲ. ಅದೇ ರಾತ್ರಿ ಬಿಸಿನೀರು, ಸೋಪು ಹಾಕಿ ತೊಳೆಯದಿದ್ದರೆ ಬೆಳಗ್ಗೆಗೆ ತುಕ್ಕು. ಕೊಳೆತ ಮೊಟ್ಟೆಯ ವಾಸನೆ ಮನೆಯೆಲ್ಲ ತುಂಬಿತು. ಹೆಂಡತಿ ಮೂಗು ಮುಚ್ಚಿಕೊಂಡು ಬಂದು, ‘ಮಾಂಸ ಎಲ್ಲಿ?’ ಅಂದಳು. ಉತ್ತರ ಕೊಡಲಿಲ್ಲ.

ತೊಳೆಯುತ್ತಲೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗ ಬೆಳಗ್ಗೆ. ಅಪ್ಪಯ್ಯ ಪೂರ್ತಿ ಕಥೆ ಕೇಳಿದರು.

‘ಅಜ್ಜಯ್ಯ ಅಂಗಿ ಜೇಬಿಗೆ ಒಂದು ಪಿನ್ನು ಚುಚ್ಕೊಂಡಿರ್ತಿದ್ದ, ನೆನಪಿಲ್ವನಾ? ಕೇಪು ಹಾಕೋ ಮುಂಚೆ ಅದ್ರಲ್ಲಿ ತೂತು ಬಿಡಿಸದೆ ಒಂದು ದಿನ ಕೋವಿ ಎತ್ತಿದವನಲ್ಲ.’

‘ನೆನಪಾಯ್ತು ಅಪ್ಪಯ್ಯ. ಠುಸ್ ಅಂದ ಮೇಲೆ ನೆನಪಾಯ್ತು. ಕೋವಿ ಹೇಗಿದೆ ಈಗ?’

‘ಅದು ಹೋದ ಎಲೆಕ್ಷನ್ನಿಗೆ ಸ್ಟೇಷನ್ನಿಗೆ ಕೊಟ್ಟಿದ್ದು. ತರ್ಬೇಕು ತರ್ಬೇಕು ಅಂತ ಹಾಗೇ ಉಳೀತು.’

‘ಪಿನ್ನು?’

ಫೋನಿನ ಆಚೆ ಅಪ್ಪಯ್ಯ ಅಡಿಗೆಮನೆಗೆ ನಡೆದ ಸದ್ದು. ಅಮ್ಮನಿಗೆ ಏನೋ ಕೇಳಿದರು. ಅಮ್ಮ ನಕ್ಕಿದ್ದು ಕೇಳಿಸಿತು.

‘ಅವಳ ಬಳೆಯಲ್ಲೇ ನೇತಾಡ್ತಾ ಇದ್ಯಂತೆ ಮಾರಾಯ.’