ವಕೀಲರ ಕೊರಳಿನ ಬಿಳಿ ಪಟ್ಟಿ ಎರಡೇ ಏಕೆ?

ಮಡಿಕೇರಿಯಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನನಗೆ ಕಕ್ಷಿದಾರರ ಜೊತೆ ಬರುವ ಮಕ್ಕಳಿಂದ ಹಿಡಿದು ನೆಂಟರ ಮನೆಯ ಹಿರಿಯರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಕೊರಳ ಕೆಳಗೆ ಇಳಿಬಿಟ್ಟಿರುವ ಆ ಬಿಳಿ ಪಟ್ಟಿ ಎರಡೇ ಏಕೆ? ಬೈಬಲಿನಲ್ಲಿ ಮೋಶೆಗೆ ದೇವರಿಂದ ದೊರೆತ, ಹತ್ತು ಆಜ್ಞೆಗಳನ್ನು ಕೆತ್ತಿದ್ದ ಎರಡು ಕಲ್ಲಿನ ಹಲಗೆಗಳ ಗುರುತು ಅದೆಂದು ನಮ್ಮ ವೃತ್ತಿಯವರೇ ಹೇಳುವುದುಂಟು. ಕೇಳಲು ಸೊಗಸಾಗಿದ್ದರೂ ಅದು ಆಮೇಲೆ ಹೊಂದಿಸಿದ ಅರ್ಥವೆಂದೇ ನನ್ನ ನಂಬಿಕೆ. ನಾವು ಬ್ಯಾಂಡ್ ಎನ್ನುವುದು ಹಳೆಯ ಕಾಲರೊಂದರ ಉಳಿಕೆ.

16ನೆಯ ಶತಮಾನದ ಯುರೋಪಿನಲ್ಲಿ ಉಳ್ಳವರು ಗಂಜಿ ಹಾಕಿ ನೆರಿಗೆ ಹಿಡಿದ ದುಂಡನೆಯ ಕಾಲರನ್ನು ಕೊರಳ ಸುತ್ತ ತೊಡುತ್ತಿದ್ದರು. 17ನೆಯ ಶತಮಾನದಲ್ಲಿ ಅದರ ಜಾಗಕ್ಕೆ ಹೆಗಲ ಮೇಲೆ ಮಲಗುವ, ಮುಂದೆ ಸೀಳಿರುವ ಅಗಲವಾದ ಕಾಲರು ಬಂತು. ಕಾಲಕ್ರಮದಲ್ಲಿ ಅದು ಕುಗ್ಗುತ್ತ ಹೋಗಿ ಗಲ್ಲದ ಕೆಳಗೆ ಸೀಳಿನ ಎಡಬಲದ ತುದಿಗಳಷ್ಟೇ ಉಳಿದವು. ಪಟ್ಟಿ ಎರಡಾದದ್ದು ಹೀಗೆ. ಉಳಿದವರೆಲ್ಲ ಹೊಸ ಕೊರಳವಸ್ತ್ರಗಳಿಗೆ ಹೊರಳಿದಾಗ ವಕೀಲರು, ಪಾದ್ರಿಗಳು ಮತ್ತು ವಿಶ್ವವಿದ್ಯಾಲಯದವರು ಹಳೆಯದನ್ನೇ ಉಳಿಸಿಕೊಂಡರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಸ್ತು ನೋಡಿಕೊಳ್ಳುವ ಅಧಿಕಾರಿಗಳಾದ ಪ್ರಾಕ್ಟರುಗಳು ಇಂದಿಗೂ ಅದನ್ನು ಧರಿಸುತ್ತಾರೆ. ಜರ್ಮನಿಯ ಪ್ರಾಟೆಸ್ಟಂಟ್ ಪಾದ್ರಿಗಳಲ್ಲಂತೂ ಹೊಲಿಗೆಯೇ ಪಂಥವನ್ನು ತಿಳಿಸುತ್ತದೆ: ಸಾಮಾನ್ಯವಾಗಿ ಲೂಥರನ್ನರ ಪಟ್ಟಿಗಳು ಬಿಡಿಯಾಗಿರುತ್ತವೆ, ರಿಫಾರ್ಮ್ಡ್ ಪಂಥದವರವು ಪೂರ್ತಿ ಕೂಡಿರುತ್ತವೆ, ಎರಡೂ ಒಂದಾದ ಸಭೆಗಳಲ್ಲಿ ಅರ್ಧದವರೆಗೆ ಹೊಲಿದಿರುತ್ತವೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಂಥ ಕಡೆ ಪಾದ್ರಿಗಳ ಕೊರಳಲ್ಲಿ ಕಾಣುವ ಬಿಳಿ ತುಂಡು ಇದಲ್ಲ. ಆ ಬಗೆಯ ಕಾಲರು 19ನೆಯ ಶತಮಾನದ್ದು.

ನಮಗೆ ಇದು ಕೇವಲ ರೂಢಿಯಲ್ಲ. 1961ರ ವಕೀಲರ ಕಾಯಿದೆಯಡಿ ಭಾರತೀಯ ವಕೀಲರ ಪರಿಷತ್ತು ರಚಿಸಿರುವ ನಿಯಮಗಳ ಪ್ರಕಾರ ಸುಪ್ರೀಂ ಕೋರ್ಟಿನಿಂದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯಗಳವರೆಗೆ ಬ್ಯಾಂಡು ಬೇಕೇ ಬೇಕು. ಅವುಗಳಿಗಿಂತ ಕೆಳಗಿನ ನ್ಯಾಯಾಲಯಗಳಲ್ಲಿ ಅದರ ಬದಲು ಕಪ್ಪು ಟೈ ಕಟ್ಟಬಹುದು. 2020ರ ಮೇ ತಿಂಗಳಲ್ಲಿ, ವಿಡಿಯೊ ಮೂಲಕ ವಿಚಾರಣೆ ನಡೆಯುತ್ತಿದ್ದಾಗ, ಸುಪ್ರೀಂ ಕೋರ್ಟು ಕೋಟು ಮತ್ತು ಗೌನಿಗೆ ವಿನಾಯಿತಿ ಕೊಟ್ಟಿತು, ಬ್ಯಾಂಡಿಗೆ ಕೊಡಲಿಲ್ಲ. ಉಡುಪಿನಲ್ಲಿ ಅತ್ಯಂತ ಚಿಕ್ಕದೇ ಕಡೆಗೆ ಉಳಿದ ಆ ಸಂಗತಿ ನನಗೆ ತುಂಬ ಹಿಡಿಸಿತು.

ಹೊಸದಾಗಿ ವೃತ್ತಿಗೆ ಬರುವ ತಂಗಿ ತಮ್ಮಂದಿರಿಗೆ ಹತ್ತಿಯ ಬ್ಯಾಂಡನ್ನೇ ಕೊಳ್ಳಲು ಹೇಳುತ್ತೇನೆ. ನೈಲಾನಿನದು ಬೇಗ ಒಣಗುತ್ತದೆ ನಿಜ, ಆದರೆ ಗಂಜಿ ಹಿಡಿಯದೆ ಎದೆಯ ಮೇಲೆ ಸುರುಳಿಕೊಳ್ಳುತ್ತದೆ. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಗಂಜಿ ಹಾಕಿದ ಬ್ಯಾಂಡೂ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಆದ್ದರಿಂದ ನಾನು ಇಸ್ತ್ರಿ ಮಾಡಿದ ಇನ್ನೊಂದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆಯೇ ಕೊರಳಿಗೆ ಕಟ್ಟಿಕೊಳ್ಳುತ್ತೇನೆ.